ಓದುಗರ ಪ್ರಶ್ನೆ: ತಲೆಯೊಳಗೆ ಕೂತು ನೋಡ್ತಿರೋರು ಯಾರು?

ಈ ಸಲ ಬಂದಿರೋ ಕಾಗದ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಮೆದುಳು, ನರ, ನೆನಪು ಇವುಗಳ ಬಗ್ಗೇನೇ ಇದ್ವು, ಹಾಗಾಗಿ ಇಡೀ ಅಂಕಣ ಅದಕ್ಕೇ ಇಟ್ಟಿದೀನಿ. ಎಲ್ಲಾದಕ್ಕೂ ಒಂದೇ ಉದ್ದದ ಉತ್ತರ ಬರಿಯೋಕಾಗಲ್ಲ. ಕೆಲವು ಎರಡು ಮಾತಲ್ಲಿ ಮುಗಿಯೋವಂಥವು, ಕೆಲವಕ್ಕೆ ಕೂತು ಮಾತಾಡಬೇಕು.

ಪ್ರಶ್ನೆ: ಮೇಡಂ, ಜನರ ಮನಸ್ಸು ಅರ್ಥ ಮಾಡ್ಕೋಬೇಕು ಅನ್ನೋ ಆಸೆಯಿಂದ ಸೈಕಾಲಜಿ ತಗೊಂಡೆ. ನೋಡಿದ್ರೆ ಎರಡನೇ ಪಾಠಕ್ಕೇ ನ್ಯೂರಾನ್, ಸೋಡಿಯಂ, ಪೊಟ್ಯಾಶಿಯಂ ಅಂತ ಶುರು ಮಾಡಿದ್ರು. ಇದು ಬಯಾಲಜಿ ಅಲ್ವಾ? ಪರೀಕ್ಷೆಗೆ ಬಾಯಿಪಾಠ ಮಾಡಿ ಆಮೇಲೆ ಮರೆತುಬಿಡ್ಲಾ?
(ಮೊದಲ ವರ್ಷದ ವಿದ್ಯಾರ್ಥಿನಿ)

ಉತ್ತರ: ಮರೀಬೇಡಮ್ಮ. ಬಾಯಿಪಾಠ ಬೇಕಾದ್ರೆ ಬಿಡು, ವಿಷಯ ಬಿಡಬೇಡ. ಒಂಚೂರು ಯೋಚ್ನೆ ಮಾಡು, ನಿಂಗೆ ಯಾರ ಮೇಲೋ ಸಿಟ್ಟು ಬಂತು, ಮುಖ ಬಿಸಿಯಾಯ್ತು, ಮುಷ್ಟಿ ಬಿಗಿಯಾಯ್ತು, ಯಾವತ್ತೋ ಅವರು ಆಡಿದ ಮಾತು ನೆನಪಾಯ್ತು, ಬಾಯಿತನಕ ಬಂದ ಬೈಗುಳ ಅಲ್ಲೇ ನುಂಗ್ಕೊಂಡೆ. ನೀನು ಇದಕ್ಕೆ ಮನಸ್ಸು ಅಂತೀಯ, ನಾನೂ ಅಂತೀನಿ, ಆದ್ರೆ ಇದರಲ್ಲಿ ಒಂದೊಂದೂ ಆಗಿದ್ದು ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಿದ್ರಿಂದ. ಮನುಷ್ಯನ ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶ ಇದಾವೆ ಅಂತ ಲೆಕ್ಕ. ಒಂದೊಂದೂ ಮಾಡೋದು ಬಹಳ ಸರಳವಾದ ಕೆಲಸ. ಕೊಂಬೆ ಕೊಂಬೆಯಾಗಿ ಚಾಚಿರೋ ಡೆಂಡ್ರೈಟ್ ಕೇಳಿಸ್ಕೊಳತ್ತೆ, ಉದ್ದ ಬಾಲದಂಥ ಆಕ್ಸಾನ್ ಮುಂದಿನವರಿಗೆ ಹೇಳತ್ತೆ, ಅಷ್ಟೇ.

ಆ ಸೋಡಿಯಂ ಪೊಟ್ಯಾಶಿಯಂ ಯಾಕೆ ಬೇಕು ಅಂದ್ರೆ, ಸುದ್ದಿ ಹೋಗೋದೇ ಅದರಿಂದ. ಸುಮ್ನೆ ಇರೋ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಮ್ಮಿ ಇರತ್ತೆ. ಅಕ್ಕಪಕ್ಕದವರು ಕೆಣಕಿ ಕೆಣಕಿ ಅದು ಮೈನಸ್ 55ರ ಹತ್ರ ಬಂತು ಅಂದ್ರೆ ಬಾಗಿಲು ತೆರ್ಕೊಂಡು ಸೋಡಿಯಂ ಒಳಗೆ ನುಗ್ಗತ್ತೆ, ಹಿಂದೇನೇ ಪೊಟ್ಯಾಶಿಯಂ ಹೊರಗೆ ಹೋಗಿ ಎಲ್ಲ ಮೊದಲಿನ ಸ್ಥಿತಿಗೆ ಬರತ್ತೆ, ಇಷ್ಟೂ ಒಂದೆರಡು ಮಿಲಿಸೆಕೆಂಡಲ್ಲಿ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡ್ಕೋ, ನರಕೋಶಕ್ಕೆ ಮೆಲ್ಲಗೆ ಕೂಗೋದು ಜೋರಾಗಿ ಕೂಗೋದು ಅಂತ ಇಲ್ಲ, ಕೂಗಿದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ. ಹಾಗಾದ್ರೆ ಮೆಲ್ಲಗೆ ಮುಟ್ಟಿದ್ದಕ್ಕೂ ಹೊಡೆದಿದ್ದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗತ್ತೆ? ಸೆಕೆಂಡಿಗೆ ಎಷ್ಟು ಸಲ ಕೂಗ್ತು, ಎಷ್ಟು ನರಕೋಶ ಸೇರಿ ಕೂಗಿದ್ವು, ಅದರಿಂದ. ಪರೀಕ್ಷೆಲಿ ಇದನ್ನ ಬರಿ, ಬರೀ ಹೆಸರು ಬರ್ದಿದ್ದಕ್ಕಿಂತ ಮೇಡಮ್ಮಿಗೆ ಖುಷಿಯಾಗತ್ತೆ.

ಇನ್ನೂ ಚೆಂದ ಇರೋದು ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವಿನ ಸಂದಿನಲ್ಲಿ, ಸಿನಾಪ್ಸ್ ಅಂತೀವಲ್ಲ, ಅದು. ಅಲ್ಲಿ ಸುದ್ದಿ ಕರೆಂಟಾಗೇ ದಾಟತ್ತಾ ಇಲ್ಲ ಯಾವುದಾದ್ರೂ ರಸ ಸುರಿಯತ್ತಾ ಅಂತ ದೊಡ್ಡ ಜಗಳ ಇತ್ತು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿದ್ದ ಓಟ್ಟೋ ಲೋವಿ ಅನ್ನೋರಿಗೆ ಒಂದು ರಾತ್ರಿ ಕನಸಲ್ಲಿ ಇದಕ್ಕೊಂದು ಪ್ರಯೋಗ ಹೊಳೀತು, ನಿದ್ದೆಗಣ್ಣಲ್ಲೇ ಚೀಟಿಲಿ ಗೀಚಿಟ್ಟು ಮಲಗಿದ್ರು, ಬೆಳಗ್ಗೆ ಎದ್ದು ನೋಡಿದ್ರೆ ತಮ್ಮ ಬರಹ ತಮಗೇ ಓದೋಕಾಗ್ಲಿಲ್ಲ! ಮಾರನೇ ರಾತ್ರಿ ಅದೇ ಹೊಳೀತಂತೆ, ಈ ಸಲ ಮಲಗೋಕೆ ಹೋಗದೆ ಸೀದಾ ಲ್ಯಾಬಿಗೆ ಹೋದ್ರು. ಎರಡು ಕಪ್ಪೆಗಳ ಹೃದಯ ತಗೊಂಡು, ಒಂದರ ವೇಗಸ್ ನರಕ್ಕೆ, ಅಂದ್ರೆ ಮೆದುಳಿಂದ ಹೃದಯಕ್ಕೆ ಬರೋ ನರಕ್ಕೆ, ಕರೆಂಟ್ ಕೊಟ್ಟಾಗ ಅದರ ಬಡಿತ ನಿಧಾನ ಆಯ್ತು, ಅದರ ಸುತ್ತ ಇದ್ದ ದ್ರವ ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದ್ರು, ಯಾವ ನರಾನೂ ಮುಟ್ಟದೆ ಅದೂ ನಿಧಾನ ಆಯ್ತು. ಅಂದ್ರೆ ನರ ಏನೋ ರಸ ಬಿಟ್ಟಿದೆ ಅಂತಾಯ್ತಲ್ಲ. 1921ರಲ್ಲಿ ಇದು ಪ್ರಕಟ ಆಯ್ತು, ಆ ರಸ ಅಸಿಟೈಲ್‌ಕೋಲಿನ್ ಅಂತ ಆಮೇಲೆ ಗೊತ್ತಾಯ್ತು, 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು. ಇವತ್ತು ಖಿನ್ನತೆಗೆ, ಆತಂಕಕ್ಕೆ ಕೊಡೋ ಮಾತ್ರೆಗಳಲ್ಲಿ ಬಹುಪಾಲು ಕೆಲಸ ಮಾಡೋದು ಈ ಸಂದಿನಲ್ಲೇ. ಈಗ ಹೇಳು, ಮನಸ್ಸು ಓದೋಳಿಗೆ ಇದು ಬೇಡ್ವಾ?

ಪ್ರಶ್ನೆ: ಬಿಸಿ ಪಾತ್ರೆ ಮುಟ್ಟಿದ್ರೆ ಕೈ ಮೊದಲು ಹಿಂದೆ ಬರತ್ತೆ, "ಅಯ್ಯೋ" ಅನ್ನೋದು ಆಮೇಲೆ. ಮೆದುಳು ಹೇಳದೆ ಕೈ ಹೇಗೆ ಬರತ್ತೆ?

ಉತ್ತರ: ಸರಿಯಾಗೇ ಗಮನಿಸಿದೀರ. ಚರ್ಮದಿಂದ ಹೊರಟ ಸುದ್ದಿ ಬೆನ್ನುಹುರಿಗೆ ಬರತ್ತೆ, ಅಲ್ಲೇ ನಡುವಿನ ನರಕೋಶಗಳು ಕೈ ಎಳೆಯೋ ಸ್ನಾಯುವಿನ ನರಕ್ಕೆ ಹೇಳಿಬಿಡ್ತವೆ, ಮೇಲೆ ಕೇಳೋಕೆ ಹೋಗಲ್ಲ. ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಮೆದುಳಿಗೂ ಹೊರಟಿರತ್ತೆ, ಅದು ತಲುಪಿದಾಗ ನಿಮಗೆ ನೋವು. ಮತ್ತೆ ನರಗಳ ವೇಗ ಒಂದೇ ಥರ ಇರಲ್ಲ, ದಪ್ಪಗೆ ಮೇಲೆ ಮಯಲಿನ್ ಅನ್ನೋ ಕೊಬ್ಬಿನ ಹೊದಿಕೆ ಇರೋ ನರಗಳಲ್ಲಿ ಸೆಕೆಂಡಿಗೆ 100 ಮೀಟರ್ ದಾಟತ್ತೆ, ಹೊದಿಕೆ ಇಲ್ಲದ ಸಣ್ಣ ನರಗಳಲ್ಲಿ 1 ಮೀಟರ್ ಆಸುಪಾಸು, ನಾವು ನಡೆಯೋ ವೇಗ. ಕಾಲ್ಬೆರಳು ಎಡವಿದಾಗ ಮೊದಲು ಚುಚ್ಚಿದ ಹಾಗಾಗಿ ಒಂದು ಕ್ಷಣ ಬಿಟ್ಟು ಉರಿಯೋ ನೋವು ಬರತ್ತಲ್ಲ, ಆ ಎರಡನೇದು ನಿಧಾನದ ದಾರಿಲಿ ಬಂದಿದ್ದು. ಆಗ ಕೈ ತಾನಾಗೇ ಹೋಗಿ ಉಜ್ಜತ್ತೆ, ಉಜ್ಜಿದ್ರೆ ಕಮ್ಮಿ ಆಗೋದೂ ನಿಜಾನೇ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಕೊಟ್ಟ ವಿವರಣೆ ಪ್ರಕಾರ, ಬೆನ್ನುಹುರಿಲಿ ಒಂದು ಗೇಟಿನಂಥ ಏರ್ಪಾಡಿದೆ, ಸ್ಪರ್ಶದ ಸುದ್ದಿ ಜಾಸ್ತಿ ಬಂದ್ರೆ ನೋವಿನ ಸುದ್ದಿಗೆ ಅದು ಅರ್ಧ ಮುಚ್ಕೊಳತ್ತೆ. ವಿವರಗಳಲ್ಲಿ ಆಮೇಲೆ ತಿದ್ದುಪಡಿ ಆಗಿದೆ, ಮೂಲ ವಿಚಾರ ಉಳ್ಕೊಂಡಿದೆ.

ಪ್ರಶ್ನೆ: ನಾವು ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸ್ತೀವಂತೆ ನಿಜಾನಾ? ಮಗ ಲೆಫ್ಟ್ ಬ್ರೇನಾ ರೈಟ್ ಬ್ರೇನಾ ಅಂತ ಟೆಸ್ಟ್ ಮಾಡಿಸಿ ಅಂತಾರೆ, ಮಾಡಿಸ್ಲಾ?

ಉತ್ತರ: ಮೊದಲನೇದು ಸುಳ್ಳು. ಮೆದುಳಿನ ತೂಕ ದೇಹದ 2 ಪರ್ಸೆಂಟ್ ಆಸುಪಾಸು, ಆದ್ರೆ ಸುಮ್ನೆ ಕೂತಾಗಲೂ ದೇಹದ ಶಕ್ತಿಲಿ 20 ಪರ್ಸೆಂಟಷ್ಟು ಅದೇ ತಿನ್ನತ್ತೆ, ಇಷ್ಟು ದುಬಾರಿ ಅಂಗದಲ್ಲಿ ಒಂಬತ್ತು ಪಾಲು ಖಾಲಿ ಬಿದ್ದಿರೋಕೆ ಸಾಧ್ಯ ಇಲ್ಲ. ಸಣ್ಣ ಜಾಗಕ್ಕೆ ಪೆಟ್ಟಾದ್ರೂ ಏನಾದ್ರೂ ಕಳ್ಕೋತೀವಿ, ಕೆಳಗಿನ ಕಾಗದ ಓದಿದ್ರೆ ಗೊತ್ತಾಗತ್ತೆ.

ಎರಡನೇದು ಅರ್ಧ ನಿಜ ಹಿಗ್ಗಿ ಸುಳ್ಳಾಗಿರೋದು. ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಬೇರೆ ಕೆಲಸ ಇರೋದು ನಿಜ. ತೀವ್ರವಾದ ಮೂರ್ಛೆರೋಗಕ್ಕೆ ಅಂತ ಎರಡೂ ಭಾಗ ಸೇರಿಸೋ ನರಗಳ ಕಟ್ಟನ್ನ ಕತ್ತರಿಸಿದ ರೋಗಿಗಳನ್ನ ರೋಜರ್ ಸ್ಪೆರ್ರಿ ಪರೀಕ್ಷೆ ಮಾಡಿದ್ರು. ಕಣ್ಣೆದುರಿಗೆ ಎಡಕ್ಕೆ ಮಿಂಚಿದ ಚಿತ್ರ ಬಲಭಾಗದ ಮೆದುಳಿಗೆ ಹೋಗತ್ತೆ, ಮಾತಿನ ಕೆಲಸ ಮುಖ್ಯವಾಗಿ ಎಡಭಾಗದ್ದು, ಹಾಗಾಗಿ ರೋಗಿ ಬಾಯಲ್ಲಿ "ಏನೂ ಕಾಣ್ಲಿಲ್ಲ" ಅಂತಾರೆ, ಆದ್ರೆ ಬಲಭಾಗ ನಡೆಸೋ ಅವರದೇ ಎಡಗೈ ಪರದೆ ಹಿಂದೆ ತಡಕಾಡಿ ಅದೇ ವಸ್ತು ಎತ್ಕೊಡತ್ತೆ! ನಾನು ಎಷ್ಟನೇ ಸಲ ಪಾಠ ಮಾಡಿದ್ರೂ ಈ ಜಾಗದಲ್ಲಿ ಮೈ ಜುಂ ಅನ್ನತ್ತೆ. 1981ರಲ್ಲಿ ಇದಕ್ಕೆ ನೊಬೆಲ್ ಬಂತು. ಆದ್ರೆ ನಿಮ್ಮ ಮಗನಿಗೆ ಯಾರೂ ಆ ಕಟ್ಟು ಕತ್ತರಿಸಿಲ್ಲ, ಸುಮಾರು 20 ಕೋಟಿ ನರತಂತುಗಳು ಎರಡೂ ಕಡೆ ಸುದ್ದಿ ಓಡಾಡಿಸ್ತಾನೇ ಇದಾವೆ, ಲೆಕ್ಕ ಮಾಡುವಾಗಲೂ ಚಿತ್ರ ಬರಿಯುವಾಗಲೂ ಎರಡೂ ಕೆಲಸ ಮಾಡ್ತವೆ. ಟೆಸ್ಟಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಅಪ್ಪನಿಗೆ ಎರಡು ತಿಂಗಳ ಹಿಂದೆ ಲಕ್ವ ಹೊಡೀತು. ಬಲಗೈ ಬಲಗಾಲು ಸೋತಿದೆ. ನಾವು ಹೇಳಿದ್ದು ಬಹುಪಾಲು ಅರ್ಥ ಆಗತ್ತೆ, ಆದ್ರೆ ಮಾತು ಬರಲ್ಲ, ಒಂದೊಂದು ಪದಕ್ಕೂ ಒದ್ದಾಡ್ತಾರೆ, ಬರದೇ ಹೋದಾಗ ಅಳ್ತಾರೆ. ಮೊನ್ನೆ ರೇಡಿಯೋದಲ್ಲಿ ಅವರಿಷ್ಟದ ಹಳೇ ಹಾಡು ಬಂತು, ಎರಡು ಸಾಲು ಪದ ಸಮೇತ ಹಾಡಿಬಿಟ್ರು! ಮನೇಲಿ ಕೆಲವರು "ಮಾತು ಬರತ್ತೆ, ಬೇಕು ಅಂತ ಆಡಲ್ಲ" ಅಂತಿದಾರೆ. ನಂಗೆ ಹೊಟ್ಟೆ ಉರಿಯತ್ತೆ ಮೇಡಂ.

ಉತ್ತರ: ಹಾಗನ್ನೋರಿಗೆ ಈ ಉತ್ತರ ಓದಿ ಹೇಳಿ. ನಿಮ್ಮಪ್ಪ ಬೇಕು ಅಂತ ಮಾಡ್ತಿಲ್ಲ. ಹಾಡು ಬಂದಿದ್ದೂ ಮಾತು ಬರದೇ ಇರೋದೂ ಎರಡೂ ಒಟ್ಟಿಗೆ ನಿಜ ಇರಬಹುದು.

ಮೆದುಳಿನ ಎಡಭಾಗ ದೇಹದ ಬಲಭಾಗವನ್ನ ನಡೆಸತ್ತೆ, ಬಲಗೈ ಸೋತಿದೆ ಅಂದ್ರೆ ಪೆಟ್ಟು ಎಡಕ್ಕೆ ಆಗಿದೆ. ಬಲಗೈ ಬಳಸೋರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನಕ್ಕೆ ಮಾತಿನ ಕೆಲಸಾನೂ ಮುಖ್ಯವಾಗಿ ಎಡದಲ್ಲೇ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಹತ್ರ ಲೆಬೋರ್ನ್ ಅನ್ನೋ ರೋಗಿ ಬಂದ್ರು, ಇಪ್ಪತ್ತು ವರ್ಷದಿಂದ ಅವರ ಬಾಯಲ್ಲಿ "ಟಾನ್" ಅನ್ನೋ ಒಂದು ಸದ್ದು ಬಿಟ್ಟು ಹೆಚ್ಚೇನೂ ಬರ್ತಿರ್ಲಿಲ್ಲ, ಕೇಳಿದ್ದು ಮಾತ್ರ ತಿಳೀತಿತ್ತು, ಕೈಸನ್ನೆಲಿ ಉತ್ತರ ಕೊಡ್ತಿದ್ರು. ತೀರ್ಕೊಂಡಮೇಲೆ ಮೆದುಳು ನೋಡಿದ್ರೆ ಎಡಗಡೆ ಮುಂಭಾಗದಲ್ಲಿ ಗಾಯ. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ ಇದರ ಉಲ್ಟಾ ರೋಗಿಗಳ ಬಗ್ಗೆ ಬರೆದ್ರು, ಮಾತು ಸರಾಗ, ಅರ್ಥ ಇಲ್ಲ, ಬೇರೆಯವರದ್ದೂ ತಿಳಿಯಲ್ಲ, ಅವರಲ್ಲಿ ಗಾಯ ಇನ್ನೂ ಹಿಂದೆ, ಕಿವಿಯ ಮೇಲ್ಗಡೆ. ನೀವು ಬರೆದಿರೋದು ಮೊದಲನೇ ಥರದ ಹಾಗಿದೆ, ಆದ್ರೆ ಅದನ್ನ ಹೇಳಬೇಕಾದೋರು ಅಪ್ಪನ್ನ ನೋಡ್ತಿರೋ ಡಾಕ್ಟರು. ಇದರಲ್ಲಿ ಏನು ಹೇಳಬೇಕು ಅನ್ನೋದು ಮನಸ್ಸಲ್ಲಿ ಇರತ್ತೆ, ಪದವನ್ನ ಹುಡುಕಿ ತಂದು ಬಾಯಿಗೆ ಕೊಡೋ ದಾರಿ ಮುರಿದಿರತ್ತೆ. ಅದಕ್ಕೇ ಅಳು ಬರೋದು, ಗೊತ್ತಿದ್ದೂ ಆಡೋಕಾಗದೆ ಇದ್ರೆ ಯಾರಿಗೆ ತಾನೇ ಬರಲ್ಲ.

ಹಾಡು ಹೇಗೆ ಬಂತು? ನೂರಾರು ಸಲ ಹಾಡಿದ ಹಾಡು, ಒಂದು ಎರಡು ಮೂರು ಅನ್ನೋ ಎಣಿಕೆ, ವಾರದ ಹೆಸರುಗಳು ಇವೆಲ್ಲ ಪದ ಪದ ಹುಡುಕಿ ಜೋಡಿಸೋ ಮಾತಲ್ಲ, ಇಡೀ ಸರ ಒಟ್ಟಿಗೆ ಹರಿದು ಬರತ್ತೆ, ರಾಗ ತಾಳದಲ್ಲಿ ಬಲಭಾಗದ ಕೈ ದೊಡ್ಡದು, ಅದು ನಿಮ್ಮಪ್ಪನಲ್ಲಿ ಉಳಿದಿದೆ. ಇದನ್ನೇ ಹಿಡ್ಕೊಂಡು 1970ರ ದಶಕದಲ್ಲಿ ರಾಗ ಹಾಕಿ, ಎಡಗೈಯಲ್ಲಿ ತಾಳ ತಟ್ಟಿಸಿ ಮಾತು ಕಲಿಸೋ ಚಿಕಿತ್ಸೆ ಶುರುವಾಯ್ತು. ಸ್ಪೀಚ್ ಥೆರಪಿಸ್ಟ್ ಹತ್ರ ಹೋಗ್ತಿದೀರ ಅನ್ಕೋತೀನಿ, ಇಲ್ಲಾಂದ್ರೆ ಇವತ್ತೇ ವಿಚಾರಿಸಿ, ಹಾಡಿದ ವಿಷಯ ಮರೀದೆ ಹೇಳಿ. ಮೆದುಳು ಸತ್ತ ಕೋಶಗಳನ್ನ ಮತ್ತೆ ಹುಟ್ಟಿಸ್ಕೊಳ್ಳಲ್ಲ, ಆದ್ರೆ ಸುತ್ತಲಿನ ಕೋಶಗಳು ಹೊಸ ಸಂಪರ್ಕ ಕಟ್ಕೊಂಡು ಸ್ವಲ್ಪ ಸ್ವಲ್ಪ ಕೆಲಸ ವಹಿಸ್ಕೊಳ್ತವೆ, ಮೊದಲ ಕೆಲವು ತಿಂಗಳಲ್ಲಿ ಇದು ಜೋರಾಗಿರತ್ತೆ, ವರ್ಷ ಕಳೆದಮೇಲೂ ಪೂರ್ತಿ ನಿಲ್ಲಲ್ಲ. ಎಷ್ಟು ಬರತ್ತೆ ಅಂತ ನಾನು ಮಾತು ಕೊಡೋಕಾಗಲ್ಲ.

ಮನೇಲಿ ಹೀಗೆ ಮಾಡಿ. ಗಟ್ಟಿಯಾಗಿ ಕೂಗಬೇಡಿ, ಅವರಿಗೆ ಕಿವಿ ಕೇಳತ್ತೆ. ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ವಿಷಯ, ಟಿವಿ ಆರಿಸಿ. ಪದಕ್ಕೆ ಒದ್ದಾಡುವಾಗ ಕಾಯಿರಿ, ಎಷ್ಟೇ ಕಷ್ಟ ಆದ್ರೂ ತಟ್ಟಂತ ನೀವೇ ತುಂಬಬೇಡಿ. ಹೌದು ಅಲ್ಲ ಅಂತ ತಲೆಯಾಡಿಸಿ ಹೇಳೋಹಾಗೆ ಪ್ರಶ್ನೆ ಕೇಳಿ, ಸನ್ನೆ, ಚಿತ್ರ ಏನು ಬೇಕಾದ್ರೂ ಬಳಸಿ. ಮುಖ್ಯವಾಗಿ ಅವರ ಎದುರಿಗೇ ಅವರ ಬಗ್ಗೆ, ಅವರು ಅಲ್ಲಿ ಇಲ್ಲವೇನೋ ಅನ್ನೋ ಹಾಗೆ ಮಾತಾಡೋದನ್ನ ಎಲ್ಲರಿಗೂ ನಿಲ್ಲಿಸೋಕೆ ಹೇಳಿ.

ಉಳಿದ ಓದುಗರಿಗೂ ಒಂದು ಮಾತು, ಯಾರಿಗಾದ್ರೂ ಇದ್ದಕ್ಕಿದ್ದ ಹಾಗೆ ಬಾಯಿ ಒಂದು ಕಡೆ ಸೊಟ್ಟಗಾದ್ರೆ, ಒಂದು ಕೈ ಎತ್ತೋಕಾಗದೆ ಇದ್ರೆ, ಮಾತು ತೊದಲಿದ್ರೆ, ಮಲಗಿದ್ರೆ ಸರಿಹೋಗತ್ತೆ ಅಂತ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಅದನ್ನ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು.

ಪ್ರಶ್ನೆ: ಚೆನ್ನಾಗಿ ಓದಿರ್ತೀನಿ. ಪ್ರಶ್ನೆಪತ್ರಿಕೆ ಕೈಗೆ ಬಂದ ತಕ್ಷಣ ಎದೆ ಡವಡವ, ಬಾಯಿ ಒಣಗತ್ತೆ, ತಲೆ ಪೂರ್ತಿ ಖಾಲಿ. ನಂಗೇನಾದ್ರೂ ಕಾಯಿಲೆನಾ?

ಉತ್ತರ: ನಿನ್ನ ದೇಹ ನಿನ್ನನ್ನ ಕಾಪಾಡೋಕೆ ಓಡಿ ಬಂದಿದೆ, ಆದ್ರೆ ಬಂದ ಜಾಗ ತಪ್ಪು. ನಾವು ಹೇಳದೆ ತಾವಾಗೇ ನಡೆಯೋ ಕೆಲಸಗಳನ್ನ ನೋಡ್ಕೊಳ್ಳೋ ನರಗಳಲ್ಲಿ ಎರಡು ಪಂಗಡ. ಸಿಂಪಥೆಟಿಕ್ ಅನ್ನೋದು ಅಪಾಯ ಬಂತು ಅಂದ್ರೆ ಹೃದಯ ಓಡಿಸತ್ತೆ, ಕಣ್ಣಿನ ಪಾಪೆ ಅಗಲ ಮಾಡತ್ತೆ, ಸ್ನಾಯುಗಳಿಗೆ ರಕ್ತ ಕಳಿಸತ್ತೆ, ಜೀರ್ಣ ಆಮೇಲೆ ನೋಡೋಣ ಅಂತ ಜೊಲ್ಲೂ ಕಮ್ಮಿ ಮಾಡತ್ತೆ, ಕಿಡ್ನಿ ಮೇಲೆ ಕೂತಿರೋ ಗ್ರಂಥಿಗಳಿಂದ ಅಡ್ರಿನಲಿನ್ ಬಿಡಿಸತ್ತೆ. ಹೊಡೆದಾಡು ಇಲ್ಲಾ ಓಡು ಅನ್ನೋ ಈ ತಯಾರಿಯನ್ನ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ರು. ಎದುರಿಗೆ ಹುಲಿ ಇದ್ರೆ ಒಳ್ಳೇದು, ಪ್ರಶ್ನೆಪತ್ರಿಕೆ ಇದ್ರೆ ಕಷ್ಟ, ಯಾಕಂದ್ರೆ ಈ ರಸಗಳು ಜೋರಾದಾಗ ಹಣೆ ಹಿಂದಿನ ಭಾಗ, ಸಾವಧಾನವಾಗಿ ಯೋಚ್ನೆ ಮಾಡೋ ಭಾಗ, ಮಂಕಾಗತ್ತೆ. ಓದಿದ್ದು ಎಲ್ಲೂ ಹೋಗಿಲ್ಲ, ತೆಗೆಯೋಕೆ ಆಗ್ತಿಲ್ಲ ಅಷ್ಟೇ.

ಇನ್ನೊಂದು ಪಂಗಡ ಪ್ಯಾರಾಸಿಂಪಥೆಟಿಕ್, ಎಲ್ಲವನ್ನೂ ತಣ್ಣಗೆ ಮಾಡೋದು. ಮೇಲೆ ಲೋವಿ ಕಪ್ಪೆಲಿ ನೋಡಿದ ವೇಗಸ್ ನರ ಇದರ ದೊಡ್ಡ ದಾರಿ. ಉಸಿರು ಹೊರಗೆ ಬಿಡುವಾಗ ಅದರ ಹಿಡಿತ ಜಾಸ್ತಿ ಆಗಿ ಹೃದಯ ಕೊಂಚ ನಿಧಾನ ಆಗತ್ತೆ, ನಾಡಿ ಹಿಡ್ಕೊಂಡು ಈಗಲೇ ನೋಡ್ಕೋ ಬೇಕಾದ್ರೆ. ಹಾಗಾಗಿ ನಾಲ್ಕು ಎಣಿಸ್ತಾ ತಗೊಂಡು ಏಳೆಂಟು ಎಣಿಸ್ತಾ ಬಿಡು, ಎರಡು ನಿಮಿಷ, ಪತ್ರಿಕೆ ಬೋರಲು ಹಾಕಿ. ಮನೇಲೂ ಗಡಿಯಾರ ಇಟ್ಕೊಂಡು ಹಳೇ ಪತ್ರಿಕೆ ಬರೆದು ಅಭ್ಯಾಸ ಮಾಡು, ಪರಿಚಯ ಆದ್ರೆ ಭಯ ಇಳಿಯತ್ತೆ. ಪರೀಕ್ಷೆ ಇಲ್ಲದಾಗಲೂ ಹೀಗೆ ಆಗ್ತಿದ್ರೆ ಡಾಕ್ಟರಿಗೆ ತೋರಿಸು.

ಪ್ರಶ್ನೆ: ವಯಸ್ಸು ಅರವತ್ತೆರಡು. ನಿನ್ನೆ ಪರಿಚಯ ಆದವರ ಹೆಸರು ನೆನಪಿರಲ್ಲ, ಮೂವತ್ತು ವರ್ಷ ಮುಟ್ಟದ ಸೈಕಲ್ ಹತ್ತಿದ್ರೆ ಸೀದಾ ಹೋಯ್ತು. ಒಂದೇ ಮೆದುಳಲ್ಲಿ ಎರಡು ಥರ ಹೇಗೆ?

ಉತ್ತರ: ಸರ್, ನೆನಪು ಅನ್ನೋದು ಒಂದೇ ಅಲ್ಲ. ಇದನ್ನ ಜಗತ್ತಿಗೆ ಕಲಿಸಿದ್ದು ಅಮೆರಿಕದ ಹೆನ್ರಿ ಮೊಲೈಸನ್, ಬದುಕಿರೋವರೆಗೂ ಪುಸ್ತಕಗಳಲ್ಲಿ ಎಚ್.ಎಂ. ಅಂತ ಮಾತ್ರ ಬರ್ತಿತ್ತು. ಮೂರ್ಛೆರೋಗ ತಡೆಯೋಕಾಗದೆ 1953ರಲ್ಲಿ, ಇಪ್ಪತ್ತೇಳನೇ ವಯಸ್ಸಲ್ಲಿ, ಮೆದುಳಿನ ಎರಡೂ ಕಡೆ ಇರೋ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ದೊಡ್ಡ ಪಾಲು ತೆಗೆದ್ರು. ಮೂರ್ಛೆ ಕಮ್ಮಿ ಆಯ್ತು, ಆದ್ರೆ ಅಲ್ಲಿಂದ ಮುಂದೆ ಹೊಸ ನೆನಪು ನಿಲ್ಲೋದೇ ನಿಂತುಹೋಯ್ತು. ಬ್ರೆಂಡಾ ಮಿಲ್ನರ್ ಅನ್ನೋ ಮನೋವಿಜ್ಞಾನಿ ವರ್ಷಗಟ್ಟಲೆ ಅವರನ್ನ ಪರೀಕ್ಷೆ ಮಾಡಿದ್ರು, ಪ್ರತಿಸಲ ಹೊಸಬರನ್ನ ನೋಡಿದ ಹಾಗೇ ಮಾತಾಡಿಸ್ತಿದ್ರು ಹೆನ್ರಿ. ಹಾಗಿದ್ರೂ ಕನ್ನಡಿಲಿ ಕೈ ನೋಡ್ಕೊಂಡು ನಕ್ಷತ್ರದ ಗೆರೆ ತಿದ್ದೋ ಆಟ ಕೊಟ್ಟಾಗ ದಿನದಿಂದ ದಿನಕ್ಕೆ ಚೆನ್ನಾಗಿ ಮಾಡಿದ್ರು, ಮುಂಚೆ ಇದನ್ನ ಮಾಡಿದೀನಿ ಅನ್ನೋದೇ ಗೊತ್ತಿಲ್ಲದೆ. ಕೈ ಕಲಿತಿತ್ತು, ಹೆನ್ರಿಗೆ ಗೊತ್ತಿರ್ಲಿಲ್ಲ. ಸೈಕಲ್ಲಿನಂಥ ಕಲಿಕೆ ಹಿಪೊಕ್ಯಾಂಪಸ್ ನಂಬಿಲ್ಲ, ಅದಕ್ಕೆ ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತೆ ಹಿಂಭಾಗದ ಸೆರೆಬೆಲ್ಲಂ ಇದಾವೆ. 2008ರಲ್ಲಿ ತೀರ್ಕೊಳ್ಳೋವರೆಗೂ ಅವರು ವಿಜ್ಞಾನಿಗಳಿಗೆ ಬೇಸರ ಇಲ್ಲದೆ ಸಹಕಾರ ಕೊಟ್ರು, ನೆನೆಸ್ಕೊಂಡ್ರೆ ಕೈ ಮುಗೀಬೇಕು ಅನ್ಸತ್ತೆ.

ನಿಮ್ಮ ವಯಸ್ಸಲ್ಲಿ ಹೆಸರು ಜಾರೋದು ಬಹಳ ಸಾಮಾನ್ಯ. ಪರಿಚಯ ಆದಾಗ ಹೆಸರನ್ನ ಒಂದು ಸಲ ಬಾಯಿಬಿಟ್ಟು ಹೇಳಿ, ಮುಖಕ್ಕೆ ಏನಾದ್ರೂ ಜೋಡಿಸ್ಕೊಳ್ಳಿ. ಗೊತ್ತಿರೋ ದಾರಿ ತಪ್ಪೋದು, ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳೋದು ಶುರುವಾದ್ರೆ ಮಾತ್ರ ತಡ ಮಾಡದೆ ತೋರಿಸಿ.

ಪ್ರಶ್ನೆ: ಡೋಪಮೈನ್ ಅಂದ್ರೆ ಖುಷಿ ಕೊಡೋ ರಸ ತಾನೇ?

ಉತ್ತರ: ಅಷ್ಟಕ್ಕೇ ನಿಲ್ಲಿಸಬೇಡಿ. ಅದು ಕಮ್ಮಿಯಾದ್ರೆ ಪಾರ್ಕಿನ್ಸನ್‌ನಲ್ಲಿ ಕೈ ನಡುಗತ್ತೆ, ಹೆಜ್ಜೆ ಕಿತ್ತಿಡೋಕಾಗಲ್ಲ, ಅಂದ್ರೆ ಚಲನೆಗೂ ಅದೇ ಬೇಕು. ಇನ್ನು ಖುಷಿ ವಿಷಯಕ್ಕೆ ಬಂದ್ರೆ, ಸಿಕ್ಕಿದ್ದನ್ನ ಅನುಭವಿಸೋದಕ್ಕಿಂತ ಸಿಗಬಹುದು ಅನ್ನೋ ಆಸೆಗೆ, ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಸಿಕ್ತು ಅನ್ನೋ ಲೆಕ್ಕಕ್ಕೆ ಅದು ಹತ್ತಿರ. ಫೋನ್ ಕೆಳಗಿಟ್ಟ ಮರುಕ್ಷಣ ಕೈ ಮತ್ತೆ ಅಲ್ಲಿಗೇ ಹೋಗತ್ತಲ್ಲ, ನೋಡಿ ಏನೂ ಖುಷಿ ಆಗದೆ ಇದ್ರೂ, ಅದನ್ನ ಗಮನಿಸಿ.

ಪ್ರಶ್ನೆ: ನನ್ನ ಎಂಟು ವರ್ಷದ ಮಗಳು ಕೇಳ್ತಾಳೆ, "ಅಮ್ಮಾ, ಕಣ್ಣಿಂದ ಬಂದಿದ್ದನ್ನ ತಲೆಯೊಳಗೆ ಕೂತು ನೋಡೋರು ಯಾರು?" ಅಂತ. ಏನು ಹೇಳ್ಲಿ?

ಉತ್ತರ: ಎಂಥ ಪ್ರಶ್ನೆ ಕೇಳಿದಾಳೆ ನೋಡಿ! 17ನೇ ಶತಮಾನದಲ್ಲಿ ಡೆಕಾರ್ಟ್ ಅನ್ನೋ ತತ್ವಜ್ಞಾನಿ ಕೂಡ ಇದಕ್ಕೇ ತಲೆ ಕೆಡಿಸ್ಕೊಂಡು, ಮೆದುಳಿನ ನಡುವಿರೋ ಪೀನಿಯಲ್ ಗ್ರಂಥಿ ಒಂದೇ ಇದೆ, ಆತ್ಮದ ಜಾಗ ಅದೇ ಇರಬೇಕು ಅಂದಿದ್ರು. ಅದು ತಪ್ಪು ಅಂತ ಈಗ ಗೊತ್ತು, ಅದರ ಕೆಲಸ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಬಿಡೋದು. ಒಳಗೆ ಯಾರೂ ಕೂತಿಲ್ಲ ಅಂತ ಹೇಳಿ. ಯಾರಾದ್ರೂ ಕೂತಿದ್ರೆ ಅವರ ತಲೆಯೊಳಗೆ ಮತ್ತ್ಯಾರು ಅಂತ ಅವಳೇ ಕೇಳ್ತಾಳೆ. ಬಣ್ಣಕ್ಕೆ ಒಂದು ಗುಂಪು, ಚಲನೆಗೆ ಒಂದು, ಮುಖಕ್ಕೆ ಒಂದು, ಎಲ್ಲಾ ಗುಂಪೂ ಒಂದರ ಜೊತೆ ಒಂದು ಮಾತಾಡ್ತಾನೇ ಇರ್ತವೆ, ಆ ಮಾತುಕತೆಯೇ ನೋಡೋದು. ಅದರಿಂದ "ನಾನು ನೋಡ್ತಿದೀನಿ" ಅನ್ನೋ ಅನುಭವ ಹೇಗೆ ಹುಟ್ಟತ್ತೆ ಅನ್ನೋದು ಇನ್ನೂ ಬಗೆಹರಿದಿಲ್ಲ, ಅದನ್ನೂ ಮುಚ್ಚಿಡದೆ ಹೇಳಿ, ದೊಡ್ಡವಳಾಗಿ ಅವಳೇ ಹುಡುಕಬಹುದು.

ಆಮೇಲೆ ಅವಳ ಜೊತೆ ಇದನ್ನ ಮಾಡಿ. ಬಿಳಿ ಹಾಳೆ ಮೇಲೆ ಎಡಕ್ಕೆ ಒಂದು ದಪ್ಪ ಚುಕ್ಕಿ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಪ್ಲಸ್ ಬರೀರಿ. ಬಲಗಣ್ಣು ಮುಚ್ಚಿ, ಎಡಗಣ್ಣಿಂದ ಪ್ಲಸ್ಸನ್ನೇ ನೋಡ್ತಾ ಹಾಳೆಯನ್ನ ನಿಧಾನವಾಗಿ ಹತ್ತಿರ ತರೋಕೆ ಹೇಳಿ. 30 ಸೆಂಟಿಮೀಟರ್ ಹತ್ರ ಬಂದಾಗ ಚುಕ್ಕಿ ಮಾಯ ಆಗತ್ತೆ, ಕಣ್ಣಿಂದ ನರ ಹೊರಡೋ ಜಾಗದಲ್ಲಿ ನೋಡೋ ಕೋಶಗಳೇ ಇಲ್ಲ, ಚುಕ್ಕಿ ಅಲ್ಲಿ ಬಿದ್ದಿದೆ. ಆದ್ರೆ ಅಲ್ಲಿ ಕಪ್ಪು ತೂತು ಕಾಣಲ್ಲ, ಬಿಳಿ ಹಾಳೆ ಕಾಣತ್ತೆ. ಆ ಬಿಳಿ ಎಲ್ಲಿಂದ ಬಂತು ಅಂತ ಅವಳನ್ನೇ ಕೇಳಿ, ಏನಂದ್ಲು ಅಂತ ನಂಗೆ ಬರೀರಿ.